ತಾತನ ಪಂಪ್‌ಸೆಟ್ಟಿಂದ ಕರೆಂಟ್ ಕಂಪನಿಗೆ ಲಾಸ್ ಆಗುತ್ತಾ?

ಕಳೆದ ಸೆಮ್ ಎಕ್ಸಾಮ್ ಮುಗಿದ ಮೇಲೆ ನಾವು ನಾಲ್ಕು ಜನ, ಮೂವರು ಎಲೆಕ್ಟ್ರಿಕಲ್, ಒಬ್ಬ ಮೆಕ್ಯಾನಿಕಲ್, ಚಾಮರಾಜನಗರ ಜಿಲ್ಲೆಯ ಉಡಿಗಾಲಕ್ಕೆ ಹೋಗಿದ್ವಿ. ನಮ್ಮಲ್ಲಿ ಒಬ್ಬನ ಊರು ಅದು. ಅವನ ತಾತನಿಗೆ ಸ್ವಲ್ಪ ಬಾಳೆ, ಸ್ವಲ್ಪ ಅರಿಶಿನ, ಒಂದು ಬೋರ್‌ವೆಲ್, ಒಂದು 5 ಎಚ್‌ಪಿ ಮೋಟರು. ರಾತ್ರಿ ಊಟ ಆದ ಮೇಲೆ ಜಗಲಿ ಮೇಲೆ ಕೂತಿದ್ದಾಗ ತಾತ ಕೇಳಿದ್ರು: "ನೀವು ಕರೆಂಟ್ ಓದೋ ಹುಡುಗ್ರಲ್ವಾ? ನಾವು ಪುಕ್ಸಟ್ಟೆ ಉರುಸ್ತೀವಿ, ಅದ್ಕೇ ಕಂಪ್ನಿ ಲಾಸಲ್ಲದೆ ಅಂತ ಎಲ್ಲಾರೂ ಅಂತಾರೆ. ನಿಜವಾ?"

ನಾಲ್ಕು ಸೆಮ್ ಅಲ್ಲ, ಮೂರು ಸೆಮ್ ಓದಿದ್ದ ನಮಗೆ ಉತ್ತರ ಗೊತ್ತಿರಲಿಲ್ಲ. ಟ್ರಾನ್ಸ್‌ಫಾರ್ಮರ್‌ನ ಈಕ್ವಿವಲೆಂಟ್ ಸರ್ಕ್ಯೂಟ್ ಬರೆಯೋಕೆ ಬರುತ್ತೆ, ಆ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡಿರೋ ಕಂಪನಿ ದುಡ್ಡು ಹೇಗೆ ಮಾಡುತ್ತೆ ಅನ್ನೋದು ಬರಲ್ಲ. ಕಾಲೇಜಿಗೆ ವಾಪಸ್ ಬಂದು ಸ್ವಲ್ಪ ಓದಿದ್ವಿ. ಓದಿದ್ದನ್ನ ಕನ್ನಡದಲ್ಲಿ ಬರೀತಾ ಇದ್ದೀವಿ. ಯಾಕಂದ್ರೆ ಉತ್ತರ ಕೊಡಬೇಕಾಗಿರೋದು ತಾತನಿಗೆ.

ಮೊದಲು, ಯಾವ ಕಂಪನಿ?

ಊರಲ್ಲಿ ಇವತ್ತಿಗೂ "ಕೆಇಬಿಯೋರು ಬಂದ್ರು" ಅಂತಾನೇ ಹೇಳ್ತಾರೆ. ಕೆಇಬಿ, ಅಂದ್ರೆ ಕರ್ನಾಟಕ ವಿದ್ಯುತ್ ಮಂಡಳಿ, ಈಗ ಇಲ್ಲ. 1999ರಲ್ಲಿ ರಾಜ್ಯ ವಿದ್ಯುತ್ ಸುಧಾರಣಾ ಕಾಯ್ದೆ ಬಂತು. ಮಂಡಳಿ ಹೋಗಿ ಪ್ರಸರಣಕ್ಕೆ ಕೆಪಿಟಿಸಿಎಲ್ ಆಯ್ತು. ದರ ನಿಗದಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದ್ರೆ ಕೆಇಆರ್‌ಸಿ, ಶುರುವಾಯ್ತು. 2002ರಲ್ಲಿ ವಿತರಣೆಯನ್ನ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಅಂತ ನಾಲ್ಕು ಕಂಪನಿಗೆ ಹಂಚಿದ್ರು. 2005ರಲ್ಲಿ ಮೆಸ್ಕಾಂನಿಂದ ಒಂದು ಭಾಗ ಬೇರೆಯಾಗಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಕೆಲಸ ಶುರು ಮಾಡಿತು. ಅದೇ ಸೆಸ್ಕ್, ಪೇಪರ್‌ನಲ್ಲಿ ಚೆಸ್ಕಾಂ ಅಂತಲೂ ಬರುತ್ತೆ. ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ, ಕೊಡಗು, ಈ ಐದು ಜಿಲ್ಲೆ ಇದರದ್ದು. ಮಾಲೀಕ ರಾಜ್ಯ ಸರ್ಕಾರ.

ಸೆಸ್ಕ್ ಕರೆಂಟ್ ತಯಾರಿಸಲ್ಲ. ಸಗಟು ಬೆಲೆಗೆ ಕೊಂಡು, ಸಬ್‌ಸ್ಟೇಷನ್‌ನಿಂದ 11 ಕೆ.ವಿ. ಲೈನ್‌ನಲ್ಲಿ ತಂದು, ಟಿ.ಸಿ.ಯಲ್ಲಿ 415 ವೋಲ್ಟ್‌ಗೆ ಇಳಿಸಿ, ಮನೆಗೆ, ಅಂಗಡಿಗೆ, ಹೊಲಕ್ಕೆ ಚಿಲ್ಲರೆ ಮಾರುತ್ತೆ. ಒಂದು ದಿನಸಿ ಅಂಗಡಿ ಇದ್ದ ಹಾಗೆ. ಆದ್ರೆ ಈ ಅಂಗಡಿಗೆ ಮೂರು ವಿಚಿತ್ರಗಳಿವೆ. ಒಂದು, ಬೆಲೆ ಅಂಗಡಿಯವನು ಇಡೋ ಹಾಗಿಲ್ಲ, ಆಯೋಗ ಇಡುತ್ತೆ. ಎರಡು, ತಂದ ಅಕ್ಕಿಯಲ್ಲಿ ಒಂದಷ್ಟು ದಾರಿಯಲ್ಲೇ ಚೆಲ್ಲುತ್ತೆ. ಮೂರು, ಕೆಲವು ಗಿರಾಕಿಗಳು ಎಷ್ಟು ಸೇರು ಒಯ್ದರು ಅಂತ ಅಳೆಯೋಕೆ ಅಂಗಡಿಯಲ್ಲಿ ಸೇರೇ ಇಲ್ಲ.

ಈ ಮೂರನೇದನ್ನ ನೆನಪಿಟ್ಟುಕೊಳ್ಳಿ. ತಾತನ ಪ್ರಶ್ನೆ ಇರೋದು ಅಲ್ಲೇ.

100 ಯೂನಿಟ್‌ನ ಪುಟ್ಟ ಕಂಪನಿ

ಕೋಟಿಗಳಲ್ಲಿ ಲೆಕ್ಕ ಹೇಳಿದ್ರೆ ತಲೆಗೆ ಹೋಗಲ್ಲ. ಅದಕ್ಕೆ ನಾವು ಒಂದು ಪುಟ್ಟ ಕಾಲ್ಪನಿಕ ಕಂಪನಿ ಮಾಡಿಕೊಂಡ್ವಿ. ಇದರ ಅಂಕಿ ಸೆಸ್ಕ್‌ದಲ್ಲ, ನಾವು ಲೆಕ್ಕಕ್ಕೆ ಇಟ್ಟಿದ್ದು. ವಿಧಾನ ಮಾತ್ರ ನಿಜವಾದ ಕಂಪನಿಗೂ ಅದೇ.

ನಮ್ಮ ಕಂಪನಿ ವರ್ಷಕ್ಕೆ 100 ಯೂನಿಟ್ ಕೊಳ್ಳುತ್ತೆ. ಪ್ರಸರಣ ಶುಲ್ಕ ಸೇರಿ ಯೂನಿಟ್‌ಗೆ 5 ರೂಪಾಯಿ. ಅಲ್ಲಿಗೆ 500 ರೂ. ಸಂಬಳ, ರಿಪೇರಿ, ಆಫೀಸ್ ಖರ್ಚು 80 ರೂ. ಕಂಬ, ತಂತಿ, ಟಿ.ಸಿ. ಸವಕಳಿ 30 ರೂ. ಸಾಲದ ಬಡ್ಡಿ 40 ರೂ. ಒಟ್ಟು ಖರ್ಚು 650 ರೂ. ನೋಡಿ, ಮುಕ್ಕಾಲಿಗಿಂತ ಹೆಚ್ಚು ಬರೀ ಕರೆಂಟ್ ಕೊಳ್ಳೋಕೇ ಹೋಯ್ತು. ನಿಜವಾದ ವಿತರಣಾ ಕಂಪನಿಗಳಲ್ಲೂ ಅತಿ ದೊಡ್ಡ ಖರ್ಚು ಅದೇ.

100ರಲ್ಲಿ 12 ಯೂನಿಟ್ ತಂತಿಯಲ್ಲಿ, ಟಿ.ಸಿ.ಯಲ್ಲಿ ಹೋಯ್ತು. ಬಿಲ್ ಆಗಿದ್ದು 88. ಅದರಲ್ಲಿ:

ಪಂಪ್‌ಸೆಟ್ 40 ಯೂನಿಟ್, 7 ರೂಪಾಯಿಯಂತೆ 280 ರೂ. (ಸರ್ಕಾರ ಕೊಡಬೇಕು)
ಮನೆ 28 ಯೂನಿಟ್, 7 ರೂಪಾಯಿಯಂತೆ 196 ರೂ.
ಅಂಗಡಿ, ಹೋಟೆಲ್ 12 ಯೂನಿಟ್, 9 ರೂಪಾಯಿಯಂತೆ 108 ರೂ.
ಸಣ್ಣ ಕೈಗಾರಿಕೆ 8 ಯೂನಿಟ್, 8 ರೂಪಾಯಿಯಂತೆ 64 ರೂ.

ಒಟ್ಟು ಆದಾಯ 648 ರೂ. ಖರ್ಚು 650. ನಷ್ಟ ಬರೀ 2 ರೂಪಾಯಿ. ಪರವಾಗಿಲ್ಲ ಅನ್ಸುತ್ತೆ ಅಲ್ವಾ? ಈಗ ಒಂದೊಂದೇ ಪದರ ಬಿಚ್ಚೋಣ.

ಕಾರ್ಯಾಚರಣೆ ಲಾಭ ಬೇರೆ, ಕೊನೆಯ ಲಾಭ ಬೇರೆ

648ರಲ್ಲಿ ಕರೆಂಟ್ ಕೊಂಡ 500, ಸಂಬಳ-ರಿಪೇರಿ 80 ಕಳೆದ್ರೆ ಉಳಿಯೋದು 68. ಇದು ಸವಕಳಿ ಮತ್ತು ಬಡ್ಡಿಗೆ ಮುಂಚಿನ ಕಾರ್ಯಾಚರಣೆ ಲಾಭ. ಆದಾಯದ ಸುಮಾರು ಶೇ. 10.5. ಸವಕಳಿ 30 ಕಳೆದ್ರೆ 38. ಬಡ್ಡಿ 40 ಕಳೆದ್ರೆ ಮೈನಸ್ 2.

ಅಂದ್ರೆ ಈ ಕಂಪನಿ ದಿನನಿತ್ಯದ ಕೆಲಸದಲ್ಲಿ ಸೋತಿಲ್ಲ, ಸಾಲದಲ್ಲಿ ಸೋತಿದೆ. ಯಾವುದೇ ವಿತರಣಾ ಕಂಪನಿಯ ವಾರ್ಷಿಕ ವರದಿ ತೆಗೆದಾಗ ಕೊನೇ ಸಾಲು ಮಾತ್ರ ನೋಡಿ "ಲಾಸ್" ಅಂತ ಮುಚ್ಚಿಡಬಾರದು. ನಷ್ಟ ಯಾವ ಮೆಟ್ಟಿಲಲ್ಲಿ ಹುಟ್ಟಿತು ಅಂತ ನೋಡಬೇಕು. ಕಾರ್ಯಾಚರಣೆಯಲ್ಲೇ ಮೈನಸ್ ಇದ್ರೆ ದರ, ಖರೀದಿ, ಸೋರಿಕೆ ಇವುಗಳಲ್ಲಿ ಎಲ್ಲೋ ತೊಂದರೆ. ಕಾರ್ಯಾಚರಣೆ ಪ್ಲಸ್ ಇದ್ದು ಕೊನೆಗೆ ಮೈನಸ್ ಆದ್ರೆ, ಸಾಲ ಯಾಕೆ ಆಯ್ತು ಅಂತ ಕೇಳಬೇಕು.

ಸಾಲ ಯಾಕೆ ಆಯ್ತು?

ಬಿಲ್ ಮಾಡಿದ್ದು 648. ಕೈಗೆ ಬಂದಿದ್ದು? ಪಂಪ್‌ಸೆಟ್‌ನ 280ರಲ್ಲಿ ವರ್ಷದ ಕೊನೆಗೆ 240 ಬಂತು ಅಂತ ಇಟ್ಕೊಳ್ಳಿ. ಉಳಿದ ಗ್ರಾಹಕರ 368ರಲ್ಲಿ 360 ಬಂತು. ಒಟ್ಟು 600. ಆದ್ರೆ ಖರ್ಚು 650. ಸವಕಳಿ ಕೈಯಿಂದ ಹೋಗೋ ದುಡ್ಡಲ್ಲ ನಿಜ, ಆದ್ರೆ ಹಳೇ ಟಿ.ಸಿ. ಬದಲಿಸೋಕೆ, ಸಾಲದ ಅಸಲು ಕಟ್ಟೋಕೆ ಅಷ್ಟು ಬೇಕೇ ಬೇಕು. ಹಾಗಾಗಿ ಕೊರತೆ 50 ರೂ.

ಪುಸ್ತಕದಲ್ಲಿ 2 ರೂಪಾಯಿ ನಷ್ಟ, ಗಲ್ಲಾಪೆಟ್ಟಿಗೆಯಲ್ಲಿ 50 ರೂಪಾಯಿ ಕೊರತೆ. ಈ 50ಕ್ಕೆ ಸಾಲ ಮಾಡಬೇಕು. ಶೇ. 10 ಬಡ್ಡಿ ಅಂದ್ರೆ ಮುಂದಿನ ವರ್ಷ ಬಡ್ಡಿಗೆ ಇನ್ನೂ 5 ರೂ. ಸೇರ್ಕೊಳ್ಳುತ್ತೆ. ಬರಬೇಕಾದ ದುಡ್ಡು ಆಮೇಲೆ ಬಂದ್ರೂ ಕಾದ ದಿನದ ಬಡ್ಡಿ ವಾಪಸ್ ಬರಲ್ಲ.

ಇಲ್ಲೇ ಈ ಕ್ಷೇತ್ರದ ಎರಡು ಪ್ರಸಿದ್ಧ ಅಳತೆಗಳು ಬರೋದು.

ಮೊದಲನೇದು ಒಟ್ಟಾರೆ ತಾಂತ್ರಿಕ ಮತ್ತು ವಾಣಿಜ್ಯ ನಷ್ಟ. ಎಟಿ ಅಂಡ್ ಸಿ ಲಾಸ್ ಅಂತ ಕ್ಲಾಸಲ್ಲಿ ಕೇಳಿರ್ತೀರ. ಕೊಂಡ ಕರೆಂಟಲ್ಲಿ ಎಷ್ಟು ಭಾಗಕ್ಕೆ ಬಿಲ್ ಆಯ್ತು ಅನ್ನೋದನ್ನ, ಬಿಲ್‌ನಲ್ಲಿ ಎಷ್ಟು ಭಾಗ ದುಡ್ಡು ಬಂತು ಅನ್ನೋದರಿಂದ ಗುಣಿಸಿ, 1ರಿಂದ ಕಳೀಬೇಕು. ನಮ್ಮ ಲೆಕ್ಕದಲ್ಲಿ ಬಿಲ್ಲಿಂಗ್ 0.88. ವಸೂಲಿ 600 ÷ 648, ಅಂದ್ರೆ 0.926. ಗುಣಿಸಿದ್ರೆ 0.815. ನಷ್ಟ ಶೇ. 18.5. ತಂತಿಯಲ್ಲಿ ಹೋಗಿದ್ದು 12 ಮಾತ್ರ, ಉಳಿದಿದ್ದು ವಸೂಲಿಯಲ್ಲಿ ಹೋಗಿದ್ದು.

ಎರಡನೇದು ಸರಾಸರಿ ವೆಚ್ಚ ಮತ್ತು ಸರಾಸರಿ ಆದಾಯದ ಅಂತರ. ಕೊಂಡ ಒಂದೊಂದು ಯೂನಿಟ್‌ಗೆ ಖರ್ಚು 6.50 ರೂ. ಪುಸ್ತಕದ ಆದಾಯ 6.48, ಅಂತರ 2 ಪೈಸೆ. ಕೈಗೆ ಬಂದ ಆದಾಯ 6.00, ಅಂತರ 50 ಪೈಸೆ. ಒಂದೇ ಕಂಪನಿ, ಒಂದೇ ವರ್ಷ, ಎರಡು ಉತ್ತರ. ಹಾಗಾಗಿ ಯಾರಾದ್ರೂ "ಅಂತರ ಇಷ್ಟೇ" ಅಂದ್ರೆ, ಸಬ್ಸಿಡಿಯನ್ನ ಘೋಷಿಸಿದ ಲೆಕ್ಕದಲ್ಲಾ, ಬಂದ ಲೆಕ್ಕದಲ್ಲಾ ಅಂತ ಕೇಳಿ.

2021ರಲ್ಲಿ ಕೇಂದ್ರ ಸರ್ಕಾರ ತಂದ ಪರಿಷ್ಕೃತ ವಿತರಣಾ ಕ್ಷೇತ್ರ ಯೋಜನೆಯ ಗುರಿಯೂ ಇವೇ ಎರಡು: ದೇಶದ ಮಟ್ಟದಲ್ಲಿ ಈ ನಷ್ಟವನ್ನ ಶೇ. 12ರಿಂದ 15ಕ್ಕೆ ಇಳಿಸೋದು, 2024-25ಕ್ಕೆ ವೆಚ್ಚ-ಆದಾಯದ ಅಂತರವನ್ನ ಸೊನ್ನೆ ಮಾಡೋದು.

ಬೆಲೆ ಇಡೋದು ಯಾರು, ಹೇಗೆ?

ಕಂಪನಿ ಪ್ರತಿ ಸಲ ಆಯೋಗದ ಮುಂದೆ ಅರ್ಜಿ ಹಾಕುತ್ತೆ: ಮುಂದಿನ ವರ್ಷ ನಮಗೆ ಇಷ್ಟು ಖರ್ಚು, ಇಷ್ಟು ಆದಾಯ ಬೇಕು ಅಂತ. ಆಯೋಗ ಸಾರ್ವಜನಿಕ ವಿಚಾರಣೆ ಮಾಡಿ, ಯಾವ ಖರ್ಚು ಒಪ್ಪಬಹುದು, ಯಾವುದು ಬೇಡ ಅಂತ ನೋಡಿ ದರ ಇಡುತ್ತೆ. ಆ ವಿಚಾರಣೆಗೆ ರೈತರೂ ಬರ್ತಾರೆ, ಕಾರ್ಖಾನೆಯವರೂ ಬರ್ತಾರೆ. ನಾವೂ ಹೋಗಬಹುದು, ಹೋಗಿ ಮಾತಾಡಲೂಬಹುದು.

ಇದರಲ್ಲಿ ಲಾಭ ಅನ್ನೋದು ಕೂಡ ಒಂದು ಖರ್ಚಿನ ಹಾಗೆ ಒಳಗೇ ಇರುತ್ತೆ. ಮಾಲೀಕರ ಬಂಡವಾಳಕ್ಕೆ ಇಷ್ಟು ಪ್ರತಿಫಲ ಅಂತ. ಕೆಇಆರ್‌ಸಿಯ 2006ರ ನಿಯಮಗಳಲ್ಲಿ ಅದು ಶೇ. 15.5 ಇತ್ತು. ಕೇಳೋಕೆ ಚೆನ್ನಾಗಿದೆ, ಆದ್ರೆ ಹಳೇ ನಷ್ಟ ಸೇರಿ ಸೇರಿ ಬಂಡವಾಳವೇ ಕರಗಿದ್ರೆ, ಸೊನ್ನೆಯ ಶೇ. 15.5 ಸೊನ್ನೆನೇ.

ಇನ್ನೊಂದು ವಿಷಯ: ಆಯೋಗ ತಾಂತ್ರಿಕ ನಷ್ಟಕ್ಕೆ ಒಂದು ಗುರಿ ಹಾಕುತ್ತೆ. ಗುರಿಗಿಂತ ಹೆಚ್ಚು ಸೋರಿದ್ರೆ ಆ ಹೊರೆಯನ್ನ ಗ್ರಾಹಕರ ಮೇಲೆ ಹಾಕೋಕೆ ಬಿಡಲ್ಲ, ಕಂಪನಿನೇ ಹೊರಬೇಕು. ನಿಯಂತ್ರಣದಲ್ಲಿರೋ ಕಂಪನಿಯ ಲಾಭ-ನಷ್ಟವನ್ನ ತೀರ್ಮಾನ ಮಾಡೋದು ಹೆಚ್ಚಾಗಿ ಗುರಿ ಮತ್ತು ವಾಸ್ತವದ ನಡುವಿನ ಈ ಸಂದು. ಗುರಿಗಿಂತ ಚೆನ್ನಾಗಿ ಮಾಡಿದ್ರೆ ಉಳಿತಾಯ, ಕೆಟ್ಟದಾಗಿ ಮಾಡಿದ್ರೆ ಬರೆ.

ಬಿಲ್‌ನಲ್ಲಿ ನಿಗದಿತ ಶುಲ್ಕ ಅಂತ ಒಂದು ಸಾಲು ಇರುತ್ತಲ್ಲ, "ಕರೆಂಟೇ ಬಳಸದೆ ಇದಕ್ಯಾಕೆ ದುಡ್ಡು?" ಅಂತ ನಾವೂ ಬೈದಿದ್ದೀವಿ. ಆದ್ರೆ ನಾವು ಬಳಸಲಿ ಬಿಡಲಿ ಕಂಬ, ಲೈನ್‌ಮ್ಯಾನ್, ಬಡ್ಡಿ ಎಲ್ಲ ಇದ್ದೇ ಇರುತ್ತೆ. ಸ್ಥಿರ ಖರ್ಚು ಸ್ಥಿರ ಶುಲ್ಕದಿಂದ ಬಂದಷ್ಟೂ ಕಂಪನಿಗೆ ಭದ್ರ. ಹಾಗೇ 2025ರ ಏಪ್ರಿಲ್‌ನಿಂದ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆ ಅಂತ ಯೂನಿಟ್‌ಗೆ 36 ಪೈಸೆ ಸರ್‌ಚಾರ್ಜ್ ಬಂತು. ಹಿಂದಿನ ಕಾಲದ ಹೊಣೆ ಇವತ್ತಿನ ಬಿಲ್‌ಗೆ ಹೇಗೆ ಬರುತ್ತೆ ಅನ್ನೋದಕ್ಕೆ ಇದೊಂದು ಉದಾಹರಣೆ.

ಬೆಂಗಳೂರಿಗೂ ಚಾಮರಾಜನಗರಕ್ಕೂ ಒಂದೇ ತಕ್ಕಡಿನಾ?

ಬೆಸ್ಕಾಂಗೆ ಬೆಂಗಳೂರಿನ ಐಟಿ ಪಾರ್ಕ್, ಮಾಲ್, ಕಾರ್ಖಾನೆ ಇದೆ. ಹತ್ತಿರ ಹತ್ತಿರ ಕಟ್ಟಡ, ಚಿಕ್ಕ ಲೈನು, ಹೆಚ್ಚು ದರ ಕೊಡೋ ಗಿರಾಕಿ. ಸೆಸ್ಕ್‌ಗೂ ಮೈಸೂರು ನಗರ ಇದೆ, ನಂಜನಗೂಡಿನ ಕೈಗಾರಿಕೆ ಇದೆ, ಚಾಮರಾಜನಗರದ ಹತ್ತಿರ ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ಇದೆ. ಆದ್ರೆ ಮಂಡ್ಯದ ಗದ್ದೆ, ಗುಂಡ್ಲುಪೇಟೆಯ ಬೋರ್‌ವೆಲ್, ಕೊಡಗಿನ ತೋಟದ ಒಂಟಿ ಮನೆ, ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಕಾಡಂಚಿನ ಊರು, ಇವೂ ಇದರವೇ. ಒಂದು ಕಿಲೋಮೀಟರ್ ಲೈನ್ ಎಳೆದ್ರೆ ಬೆಂಗಳೂರಲ್ಲಿ ಸಿಗೋ ಯೂನಿಟ್ಟೂ ಇಲ್ಲಿ ಸಿಗೋ ಯೂನಿಟ್ಟೂ ಒಂದೇ ಅಲ್ಲ.

ಕೈಗಾರಿಕೆ, ವಾಣಿಜ್ಯ ಗ್ರಾಹಕರಿಂದ ವೆಚ್ಚಕ್ಕಿಂತ ಸ್ವಲ್ಪ ಹೆಚ್ಚು ತಗೊಂಡು ಬೇರೆಯವರಿಗೆ ಕಡಿಮೆ ಮಾಡೋದಕ್ಕೆ ಅಡ್ಡ ಸಬ್ಸಿಡಿ ಅಂತಾರೆ. ಇದಕ್ಕೂ ಮಿತಿ ಇದೆ. ದರ ಜಾಸ್ತಿ ಆದ್ರೆ ದೊಡ್ಡ ಗಿರಾಕಿ ತನ್ನದೇ ಸೋಲಾರ್ ಹಾಕ್ಕೋತಾನೆ, ಅಥವಾ ಓಪನ್ ಆಕ್ಸೆಸ್‌ನಲ್ಲಿ ಬೇರೆ ಕಡೆಯಿಂದ ಕೊಳ್ತಾನೆ. ದುಡ್ಡು ಕೊಡೋನು ಹೋದ, ಲೈನು ಮಾತ್ರ ಉಳೀತು.

ಅದಕ್ಕೇ ಎರಡು ಕಂಪನಿ ಹೋಲಿಸೋವಾಗ ಲಾಭದ ಅಂಕಿ ಪಕ್ಕಪಕ್ಕ ಇಡೋದಕ್ಕೆ ಮುಂಚೆ ಗಿರಾಕಿಗಳ ಪಟ್ಟಿ ಪಕ್ಕಪಕ್ಕ ಇಡಬೇಕು. ಗ್ರಾಹಕರ ಮಿಶ್ರಣ ಕೆಟ್ಟದಿದ್ದೂ ವರ್ಷದಿಂದ ವರ್ಷಕ್ಕೆ ಸುಧಾರಿಸ್ತಾ ಇರೋ ಕಂಪನಿ, ಒಳ್ಳೇ ಗಿರಾಕಿಗಳ ಮೇಲೆ ಆರಾಮಾಗಿ ಕೂತಿರೋ ಕಂಪನಿಗಿಂತ ಚೆನ್ನಾಗಿ ನಡೀತಾ ಇರಬಹುದು.

ಈಗ ತಾತನ ಮೋಟರು

ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ 2008ರಿಂದ ಉಚಿತ ವಿದ್ಯುತ್ ಇದೆ. 2023ರ ಜುಲೈನಿಂದ ಗೃಹಜ್ಯೋತಿ ಬಂತು: ಮನೆಗೆ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ ಉಚಿತ. "ಉಚಿತ" ಅಂದ್ರೆ ಬಳಸೋನಿಗೆ ಉಚಿತ, ಕಂಪನಿಗೆ ಅಲ್ಲ. ಯಾರಿಗಾದ್ರೂ ರಿಯಾಯಿತಿ ಕೊಡೋದಾದ್ರೆ ಸರ್ಕಾರ ಆ ಹಣವನ್ನ ಕಂಪನಿಗೆ ಮುಂಗಡವಾಗಿ ಕೊಡಬೇಕು ಅಂತ 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತೆ.

ಎರಡು ಯೋಜನೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಮನೆಗೆ ಮೀಟರ್ ಇದೆ. ಎಷ್ಟು ಯೂನಿಟ್‌ಗೆ ಸರ್ಕಾರ ಕೊಡಬೇಕು ಅಂತ ಗೊತ್ತಾಗುತ್ತೆ. ಹೆಚ್ಚಿನ ಪಂಪ್‌ಸೆಟ್‌ಗೆ ಮೀಟರ್ ಇಲ್ಲ. ಅಲ್ಲಿ ಅಂದಾಜು.

ತಾತನ ಮೋಟರನ್ನೇ ತಗೊಳ್ಳೋಣ. 5 ಎಚ್‌ಪಿ ಅಂದ್ರೆ 3.73 ಕಿಲೋವ್ಯಾಟ್ ಔಟ್‌ಪುಟ್. ದಕ್ಷತೆ ಶೇ. 80 ಅಂದ್ರೆ ಎಳೆಯೋದು ಸುಮಾರು 4.66 ಕಿಲೋವ್ಯಾಟ್. ದಿನಕ್ಕೆ 7 ಗಂಟೆ ಥ್ರೀ ಫೇಸ್ ಬಂದು ಪೂರ್ತಿ ಓಡಿದ್ರೆ 32.6 ಯೂನಿಟ್. ವರ್ಷಕ್ಕೆ 200 ದಿನ ಅಂದ್ರೆ ಸುಮಾರು 6,500 ಯೂನಿಟ್. ನಮ್ಮ 7 ರೂಪಾಯಿ ಲೆಕ್ಕದಲ್ಲಿ 45 ಸಾವಿರ ರೂಪಾಯಿ ದಾಟುತ್ತೆ. ಫೋನಲ್ಲಿ ಇದನ್ನ ಕೇಳಿ ತಾತ ಒಂದು ನಿಮಿಷ ಸುಮ್ಮನಾದ್ರು.

ಆದ್ರೆ 200 ದಿನ ಅಂತ ಹೇಳಿದ್ಯಾರು? ಮಳೆ ಚೆನ್ನಾಗಾದ ವರ್ಷ 150 ಇರಬಹುದು, ಬರಗಾಲದಲ್ಲಿ 250 ಆಗಬಹುದು. 4,900 ಯೂನಿಟ್‌ನಿಂದ 8,150 ಯೂನಿಟ್‌ವರೆಗೆ. ಒಂದೇ ಮೋಟರಿನ ಅಂದಾಜಲ್ಲಿ ಸುಮಾರು 22,800 ರೂಪಾಯಿ ಆಚೀಚೆ. ಐದು ಜಿಲ್ಲೆಯ ಎಲ್ಲ ಪಂಪ್‌ಸೆಟ್‌ಗೆ ಇದೇ ಅನುಮಾನ ಸೇರಿಸಿ ನೋಡಿ.

ಇನ್ನೂ ಇದೆ. ಬೋರ್‌ವೆಲ್ ಆಳ ಹೋದಷ್ಟೂ ಯೂನಿಟ್ ಹೆಚ್ಚು. ಒಂದು ಸಾವಿರ ಲೀಟರ್ ನೀರನ್ನ 100 ಮೀಟರ್ ಎತ್ತೋಕೆ ಭೌತಶಾಸ್ತ್ರದ ಪ್ರಕಾರ 0.27 ಯೂನಿಟ್ ಸಾಕು. ಪಂಪು-ಮೋಟರಿನ ಒಟ್ಟು ದಕ್ಷತೆ ಶೇ. 40 ಇದ್ರೆ 0.68 ಯೂನಿಟ್. ನೀರು 250 ಮೀಟರ್‌ಗೆ ಇಳಿದ್ರೆ 1.7 ಯೂನಿಟ್. ಅದೇ ನೀರು, ಅದೇ ಬಾಳೆ, ಎರಡೂವರೆ ಪಟ್ಟು ಕರೆಂಟ್. ಕಬಿನಿ ನೀರು ತಂದು ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಕೆರೆ ತುಂಬಿಸೋ ಕೆಲಸವನ್ನ ನೀರಾವರಿ ಸುದ್ದಿ ಅಂತ ಓದ್ತೀವಿ. ಅಂತರ್ಜಲ ಮೇಲೆ ಬಂದ್ರೆ ಅದು ಕರೆಂಟ್ ಕಂಪನಿಯ ಸುದ್ದಿನೂ ಹೌದು. ಕೆರೆಗೆ ನೀರೆತ್ತೋಕೂ ಕರೆಂಟ್ ಬೇಕು ಅನ್ನೋದನ್ನ ಮರೀಬಾರದು, ಅಷ್ಟೇ.

ಅಂದಾಜಿನ ಮೂಟೆಯಲ್ಲಿ ಏನಿದೆ?

ಈಗ ನಮ್ಮ ಪುಟ್ಟ ಕಂಪನಿಗೆ ವಾಪಸ್ ಬನ್ನಿ. ಪಂಪ್‌ಸೆಟ್‌ಗೆ 40 ಯೂನಿಟ್ ಅಂತ ಬರ್ಕೊಂಡಿದ್ವಿ. ಯಾರೂ ಅಳೆದಿಲ್ಲ. ನಿಜವಾಗಿ ಓಡಿದ್ದು 34 ಯೂನಿಟ್, ಉಳಿದ 6 ಬೇರೆಲ್ಲೋ ಹೋಯ್ತು ಅಂತ ಇಟ್ಕೊಳ್ಳಿ: ಎಲ್ಲೋ ಕೊಕ್ಕೆ ಹಾಕಿದ ತಂತಿ, ಎಲ್ಲೋ ಕೆಟ್ಟ ಮೀಟರ್, ಎಲ್ಲೋ ಬಿಸಿಯಾಗ್ತಿರೋ ಜಾಯಿಂಟ್.

ಆಗ ನಿಜವಾದ ಸೋರಿಕೆ 12 ಅಲ್ಲ, 18. ಪುಸ್ತಕದ ಆದಾಯದಲ್ಲಿ 6 ಯೂನಿಟ್ × 7 = 42 ರೂಪಾಯಿ ಸುಳ್ಳು. ನಿಜವಾದ ಆದಾಯ 606. ಕಾರ್ಯಾಚರಣೆ ಲಾಭ 68ರಿಂದ 26ಕ್ಕೆ ಇಳೀತು. ಕೊನೆಯ ನಷ್ಟ 2 ಅಲ್ಲ, 44.

ಉಲ್ಟಾನೂ ಆಗಬಹುದು. ಪಂಪ್‌ಗಳು 46 ಯೂನಿಟ್ ಎಳೆದು, 40ಕ್ಕೆ ಮಾತ್ರ ಸಬ್ಸಿಡಿ ಬಂದ್ರೆ ಕಂಪನಿಗೆ ಅನ್ಯಾಯ. ಎರಡರಲ್ಲಿ ಯಾವುದು ಅಂತ ಅಳೆಯದೆ ಹೇಳೋಕಾಗಲ್ಲ. ಆದ್ರೆ ಎರಡರಲ್ಲೂ ಹೆಸರು ಹೋಗೋದು ರೈತನದ್ದೇ. ಯಾರೋ ಕದ್ದ ಕರೆಂಟು, ಯಾವುದೋ ಟಿ.ಸಿ.ಯಲ್ಲಿ ಸುಟ್ಟ ಕರೆಂಟು, ಎಲ್ಲ ಸೇರಿ "ಪಂಪ್‌ಸೆಟ್" ಅನ್ನೋ ಒಂದು ಮೂಟೆಗೆ ಬೀಳಬಹುದು. ಆಮೇಲೆ "ರೈತರಿಗೆ ಪುಕ್ಸಟ್ಟೆ ಕೊಟ್ಟು ಕಂಪನಿ ಮುಳುಗ್ತಿದೆ" ಅಂತ ನಾವು ಹಾಸ್ಟೆಲ್‌ನಲ್ಲಿ ಕೂತು ಮಾತಾಡ್ತೀವಿ.

ಇದಕ್ಕೆ ಕರ್ನಾಟಕದಲ್ಲಿ ಒಂದು ಒಳ್ಳೇ ಕೆಲಸ ಆಗಿದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಫೀಡರ್ ಬೇರೆ, ಪಂಪ್‌ಸೆಟ್‌ನ ಫೀಡರ್ ಬೇರೆ ಮಾಡಿದ್ರು. ಸಬ್‌ಸ್ಟೇಷನ್‌ನಲ್ಲಿ ಪಂಪ್‌ಸೆಟ್ ಫೀಡರ್‌ನ ಮೀಟರ್ ಓದಿ, ಲೈನ್ ನಷ್ಟ ಕಳೆದು, ಆ ಫೀಡರ್‌ನಲ್ಲಿರೋ ಪಂಪ್‌ಗಳಿಗೆ ಹಂಚಿದ್ರೆ ಅಂದಾಜು ಸಾಕಷ್ಟು ಬಿಗಿಯಾಗುತ್ತೆ. ಗಾಳಿಯಲ್ಲಿ ಹೇಳೋ ಅಂಕಿಗಿಂತ ಇದು ಎಷ್ಟೋ ವಾಸಿ. ಮುಂದಿನ ಹೆಜ್ಜೆ ಪ್ರತಿ ಟಿ.ಸಿ.ಗೆ ಮೀಟರ್.

ನಮ್ಮ ಕೆಲಸ ಎಲ್ಲಿದೆ?

ಇಲ್ಲಿವರೆಗೆ ಕಾಮರ್ಸ್ ಆಯ್ತು. ಈಗ ನಮ್ಮ ಸಬ್ಜೆಕ್ಟ್.

ನಮ್ಮ ಪುಟ್ಟ ಕಂಪನಿಯಲ್ಲಿ ತಾಂತ್ರಿಕ ನಷ್ಟವನ್ನ ಶೇ. 12ರಿಂದ 11ಕ್ಕೆ ಇಳಿಸಿದ್ರೆ ಏನಾಗುತ್ತೆ? ಅದೇ 88 ಯೂನಿಟ್ ಮಾರೋಕೆ 98.9 ಯೂನಿಟ್ ಕೊಂಡ್ರೆ ಸಾಕು. ಉಳಿತಾಯ ಸುಮಾರು 5 ರೂ. 60 ಪೈಸೆ. 2 ರೂಪಾಯಿ ನಷ್ಟ ಇದ್ದ ಕಂಪನಿ 3 ರೂ. 60 ಪೈಸೆ ಲಾಭಕ್ಕೆ ಬಂತು! ಅದೇ ಸಂಬಳ-ರಿಪೇರಿಯಲ್ಲಿ ಶೇ. 5 ಕತ್ತರಿಸಿದ್ರೆ ಉಳಿಯೋದು 4 ರೂ. ಆ ಕತ್ತರಿಯಿಂದ ಲೈನ್‌ಮ್ಯಾನ್ ಹುದ್ದೆ ಖಾಲಿ ಉಳಿದು, ರಿಪೇರಿ ತಡವಾಗಿ, ನಷ್ಟ ಒಂದೇ ಒಂದು ಪರ್ಸೆಂಟ್ ಏರಿದ್ರೆ 5 ರೂ. 75 ಪೈಸೆ ಕೈಬಿಟ್ಟಿತು. ಉಳಿಸೋಕೆ ಹೋಗಿ ಕಳ್ಕೊಂಡ ಹಾಗೆ.

ನಷ್ಟ ಇಳಿಸೋದು ಹೇಗೆ ಅಂತ ನಮ್ಮ ಸಿಲಬಸ್‌ನಲ್ಲೇ ಇದೆ. ಲೈನ್ ನಷ್ಟ ಐ ಸ್ಕ್ವೇರ್ ಆರ್. ಅದೇ ಪವರನ್ನ 415 ವೋಲ್ಟ್ ಬದಲು 11 ಕೆ.ವಿ.ಯಲ್ಲಿ ಒಯ್ದರೆ ಕರೆಂಟ್ 26.5 ಪಟ್ಟು ಕಡಿಮೆ, ಅದೇ ತಂತಿಯಲ್ಲಿ ನಷ್ಟ ಸುಮಾರು 700 ಪಟ್ಟು ಕಡಿಮೆ. ಹಾಗಾಗಿ ಹೊಲಕ್ಕೆ ಹೋಗೋ ಉದ್ದದ ಎಲ್‌ಟಿ ಲೈನ್ ಕಡಿಮೆ ಮಾಡಿ, 11 ಕೆ.ವಿ.ಯನ್ನೇ ಹತ್ತಿರ ತಂದು, ಒಂದು 100 ಕೆ.ವಿ.ಎ. ಟಿ.ಸಿ. ಬದಲು ಸಣ್ಣ ಸಣ್ಣ 25 ಕೆ.ವಿ.ಎ. ಟಿ.ಸಿ. ಇಡ್ತಾರೆ. ಟಿ.ಸಿ. ಖರ್ಚು ಮತ್ತು ಅವುಗಳ ಐರನ್ ಲಾಸ್ ಹೆಚ್ಚಾಗುತ್ತೆ ನಿಜ. ಎಲ್ಲಿ ನಿಲ್ಲಿಸಬೇಕು ಅನ್ನೋದೇ ಎಂಜಿನಿಯರಿಂಗ್.

ಪವರ್ ಫ್ಯಾಕ್ಟರ್ ಇನ್ನೊಂದು. ಪಂಪ್‌ಸೆಟ್‌ಗೆ ಕೆಪಾಸಿಟರ್ ಹಾಕಿ 0.7 ಇದ್ದಿದ್ದನ್ನ 0.95 ಮಾಡಿದ್ರೆ ಕರೆಂಟ್ ಶೇ. 26 ಇಳಿಯುತ್ತೆ, ಲೈನ್ ನಷ್ಟ ಸುಮಾರು ಶೇ. 46 ಇಳಿಯುತ್ತೆ. ತಾತನ ಸ್ಟಾರ್ಟರ್ ಡಬ್ಬಿಯಲ್ಲಿ ಕೆಪಾಸಿಟರ್ ಇರಲಿಲ್ಲ. ಇದರಿಂದ ಲಾಭ ಆಗೋದು ಕಂಪನಿಗೆ, ದುಡ್ಡು ಹಾಕಬೇಕಾಗಿರೋದು ರೈತ. ಆಮೇಲೆ ಯಾರು ತಾನೇ ಹಾಕ್ತಾರೆ?

ಆಟೋ ಸ್ಟಾರ್ಟರ್ ಕಥೆನೂ ಹಾಗೇ. ಥ್ರೀ ಫೇಸ್ ಯಾವಾಗ ಬರುತ್ತೋ ಅಂತ ಹೊಲದಲ್ಲಿ ಕಾಯೋಕಾಗದೆ ಎಲ್ಲರೂ ಆಟೋ ಹಾಕಿರ್ತಾರೆ. ಕರೆಂಟ್ ಬಂದ ತಕ್ಷಣ ಎಲ್ಲ ಮೋಟರೂ ಒಟ್ಟಿಗೆ ಸ್ಟಾರ್ಟ್. ಇಂಡಕ್ಷನ್ ಮೋಟರ್ ಸ್ಟಾರ್ಟಿಂಗ್ ಕರೆಂಟ್ ಎಷ್ಟು ಪಟ್ಟು ಅಂತ ಲ್ಯಾಬ್‌ನಲ್ಲಿ ನೋಡಿದ್ದೀವಲ್ಲ. ಟಿ.ಸಿ. ಪಾಡು ಊಹಿಸಿಕೊಳ್ಳಿ.

ಇದಕ್ಕೆಲ್ಲ ಸೇರಿ ಒಂದು ದಾರಿ ಅಂದ್ರೆ ಪಿಎಂ ಕುಸುಮ್ ಯೋಜನೆಯ ಫೀಡರ್ ಸೋಲಾರ್. ಸಬ್‌ಸ್ಟೇಷನ್ ಹತ್ತಿರವೇ ಸೋಲಾರ್ ಘಟಕ ಇಟ್ಟು, ಪಂಪ್‌ಸೆಟ್ ಫೀಡರ್‌ಗೆ ಹಗಲಲ್ಲೇ ಕರೆಂಟ್ ಕೊಡೋದು. ದೂರದಿಂದ ಹೊತ್ತು ತರೋ ನಷ್ಟ ಕಡಿಮೆ. ರೈತನಿಗೆ ರಾತ್ರಿ ಹೊಲಕ್ಕೆ ಹೋಗೋದು ತಪ್ಪುತ್ತೆ. ಬಂಡೀಪುರದ ಅಂಚಿನ ಊರುಗಳಲ್ಲಿ ರಾತ್ರಿ ಎರಡು ಗಂಟೆಗೆ ನೀರು ಕಟ್ಟೋಕೆ ಹೋಗೋದು ಅಂದ್ರೆ ಆನೆ, ಚಿರತೆ, ಹಾವಿನ ಭಯ. ಅದನ್ನ ಯಾವ ಬ್ಯಾಲೆನ್ಸ್ ಶೀಟೂ ಬರೆಯಲ್ಲ, ಆದ್ರೆ ಅದೂ ಒಂದು ಖರ್ಚೇ.

ವರದಿ ಕೈಗೆ ಸಿಕ್ಕಾಗ ಕೇಳಬೇಕಾದ ಐದು ಪ್ರಶ್ನೆ

ಕಂಪನಿಗಳ ವಾರ್ಷಿಕ ವರದಿ, ಕೆಇಆರ್‌ಸಿ ದರ ಆದೇಶ, ಪವರ್ ಫೈನಾನ್ಸ್ ಕಾರ್ಪೊರೇಷನ್ ತರೋ ದೇಶದ ಎಲ್ಲ ವಿತರಣಾ ಕಂಪನಿಗಳ ವರದಿ, ಎಲ್ಲ ಆನ್‌ಲೈನ್ ಸಿಗುತ್ತೆ. ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕ್ತಾ ಇರೋರಿಗೆ ಉಪಯೋಗ ಆಗಬಹುದು ಅಂತ ಇದನ್ನ ಪಟ್ಟಿ ಮಾಡಿದ್ದೀವಿ.

1. ನಷ್ಟ ಅಥವಾ ಲಾಭ ಯಾವ ಮೆಟ್ಟಿಲಲ್ಲಿ ಹುಟ್ಟಿತು? ಕರೆಂಟ್ ಖರೀದಿಯಲ್ಲಾ, ಕಾರ್ಯಾಚರಣೆಯಲ್ಲಾ, ಬಡ್ಡಿಯಲ್ಲಾ?
2. ಆದಾಯದಲ್ಲಿ ಸಬ್ಸಿಡಿ ಎಷ್ಟು? ಅದರಲ್ಲಿ ಘೋಷಿಸಿದ್ದೆಷ್ಟು, ಬಂದಿದ್ದೆಷ್ಟು?
3. ಮಾರಾಟ ಆದ ಯೂನಿಟ್‌ಗಳಲ್ಲಿ ಮೀಟರ್ ಓದಿ ಬರೆದಿದ್ದೆಷ್ಟು, ಅಂದಾಜು ಮಾಡಿದ್ದೆಷ್ಟು?
4. ಕಂಪನಿಗೆ ಬರಬೇಕಾದ ಬಾಕಿ ಎಷ್ಟು ದಿನದ್ದು? ಕರೆಂಟ್ ಕೊಟ್ಟವರಿಗೆ ಕೊಡಬೇಕಾದ ಬಾಕಿ ಎಷ್ಟು ದಿನದ್ದು? 2022ರ ನಿಯಮಗಳ ಪ್ರಕಾರ ಕೊಡೋದು ತಡವಾದ್ರೆ ಸರ್‌ಚಾರ್ಜ್ ಬೀಳುತ್ತೆ, ತುಂಬಾ ತಡವಾದ್ರೆ ಮಾರುಕಟ್ಟೆಯಿಂದ ಕರೆಂಟ್ ಕೊಳ್ಳೋಕೂ ಕಡಿವಾಣ ಬೀಳುತ್ತೆ.
5. ಈ ವರ್ಷದ ಲಾಭ ಈ ವರ್ಷದ್ದೇನಾ? ಹಳೇ ಬಾಕಿ ಒಟ್ಟಿಗೆ ಬಂದಿದ್ದಾ, ಅಥವಾ ಮುಂದೆ ಗ್ರಾಹಕರಿಂದ ವಸೂಲಿ ಆಗಬಹುದು ಅಂತ ಈಗಲೇ ಬರ್ಕೊಂಡಿದ್ದಾ?

ಒಂದು ವರ್ಷದ ವರದಿ ಸಾಲಲ್ಲ, ಕನಿಷ್ಠ ಐದು ವರ್ಷದ್ದು ಪಕ್ಕಪಕ್ಕ ಇಡಿ. ಒಂದು ವರ್ಷದ ಲಾಭ ಒಂದು ಒಳ್ಳೇ ಮಳೆಯಿಂದಲೂ ಬರಬಹುದು.

ತಾತನಿಗೆ ಕೊಟ್ಟ ಉತ್ತರ

ಮುಂದಿನ ಸಲ ಉಡಿಗಾಲಕ್ಕೆ ಹೋದಾಗ ಇಷ್ಟು ಹೇಳಿದ್ವಿ: ತಾತ, ನಿಮ್ಮ ಮೋಟರಿಂದ ಕಂಪನಿಗೆ ಲಾಸ್ ಆಗಲೇಬೇಕು ಅಂತೇನಿಲ್ಲ. ನೀವು ಎಷ್ಟು ಬಳಸಿದ್ರಿ ಅಂತ ಸರಿಯಾಗಿ ಗೊತ್ತಿದ್ರೆ, ಅದಕ್ಕೆ ಪೂರ್ತಿ ದರ ಇಟ್ಟಿದ್ರೆ, ಆ ದುಡ್ಡನ್ನ ಸರ್ಕಾರ ಹೊತ್ತಿಗೆ ಸರಿಯಾಗಿ ಕೊಟ್ರೆ, ಕಂಪನಿಗೆ ನೀವೂ ಬೇರೆಯವರ ಹಾಗೇ ಒಬ್ಬ ಗಿರಾಕಿ. ಮೂರರಲ್ಲಿ ಒಂದು ತಪ್ಪಿದ್ರೂ ಲಾಸ್. ಆದ್ರೆ ಆ ಮೂರೂ ನಿಮ್ಮ ಕೈಯಲ್ಲಿಲ್ಲ.

ತಾತ ಕೇಳಿದ್ರು: "ಅಂಗಾದ್ರೆ ಮೀಟ್ರು ಹಾಕ್ಸು ಅಂತೀರಾ? ಇವತ್ತು ಮೀಟ್ರು ಅಂತಾರೆ, ನಾಳೆ ಬಿಲ್ಲು ಅಂತಾರೆ."

ಈ ಭಯ ದಡ್ಡತನ ಅಲ್ಲ. ಮೀಟರ್ ಇಲ್ಲದೆ ಕರೆಂಟ್ ಕೊಡಬಾರದು ಅಂತ 2003ರ ಕಾಯ್ದೆಯ 55ನೇ ಸೆಕ್ಷನ್ ಹೇಳಿ ಎರಡು ದಶಕ ದಾಟಿದೆ. ಆದ್ರೂ ಹೊಲದಲ್ಲಿ ಮೀಟರ್ ಬಂದಿಲ್ಲ ಅಂದ್ರೆ ಕಾರಣ ಮೀಟರಿನ ಬೆಲೆ ಅಲ್ಲ, ನಂಬಿಕೆ. ನಾವು ಹೇಳಿದ್ದು ಇಷ್ಟೇ: ಮೊದಲು ಮೋಟರಿಗೆ ಬೇಡ, ಟಿ.ಸಿ.ಗೆ ಹಾಕಲಿ. ಹತ್ತು ಜನರ ಲೆಕ್ಕ ಒಟ್ಟಿಗೆ ಬರುತ್ತೆ, ಯಾರ ಹೆಸರಿಗೂ ಬಿಲ್ ಬರಲ್ಲ. ನೀವು ಬಳಸದೇ ಇರೋ ಕರೆಂಟು ನಿಮ್ಮ ಹೆಸರಿಗೆ ಬೀಳೋದಾದ್ರೂ ತಪ್ಪುತ್ತೆ.

ತಾತ ಸ್ವಲ್ಪ ಯೋಚನೆ ಮಾಡಿ, "ಟಿ.ಸಿ.ಗಾದ್ರೆ ಆಕ್ಲಿ ಬುಡು" ಅಂದ್ರು. ಆಮೇಲೆ ಆ ಕೆಪಾಸಿಟರ್ ಎಷ್ಟಾಗುತ್ತೆ ಅಂತ ಕೇಳಿದ್ರು. ಮುಂದಿನ ರಜೆಯಲ್ಲಿ ಅವರ ಸ್ಟಾರ್ಟರ್ ಡಬ್ಬಿಗೆ ಒಂದು ಹಾಕಿ, ಮುಂಚೆ-ಆಮೇಲೆ ಕ್ಲಾಂಪ್ ಮೀಟರ್‌ನಲ್ಲಿ ಅಳೆದು ಬರ್ತೀವಿ. ಯಾರಾದ್ರೂ ಜೊತೆಗೆ ಬರೋ ಹಾಗಿದ್ರೆ ಹೇಳಿ. ಊಟ ತಾತನ ಮನೆಯಲ್ಲಿ.